ಹಳೆಯ ಮ್ಯಾಸಿಯ ನಿಜವಾದ ಕೆಂಪು ಯಾವುದು?

ಪ್ರಶ್ನೆ: ನಮ್ಮ ತಂದೆಯವರು 1980ರ ದಶಕದಲ್ಲಿ ಕೊಂಡ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಈಗಲೂ ನಮ್ಮ ಮನೆಯಲ್ಲಿದೆ. ಎಂಜಿನ್ ಕೆಲಸ ಮುಗಿದು ಗಾಡಿ ಚಾಲೂ ಆಗಿದೆ, ಇನ್ನು ಬಣ್ಣದ ಕೆಲಸ ಬಾಕಿ. ತೊಂದರೆ ಏನೆಂದರೆ ಒಂದೇ ಗಾಡಿಯಲ್ಲಿ ಮೂರು ಕೆಂಪು ಇವೆ. ಬಾನೆಟ್ ಮಾಸಿ ಕಿತ್ತಳೆಯಂತಾಗಿದೆ, ಮಡ್‌ಗಾರ್ಡ್ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಬ್ಯಾಟರಿ ಕೂರುವ ತಗಡಿನ ಅಡಿಯಲ್ಲಿ ಕಡು ಕೆಂಪು ಇದೆ. ನಡುವೆ ಟಿಂಕರಿಂಗ್ ಮಾಡಿಸಿದಾಗ ಬಣ್ಣ ಹೊಡೆಸಿದ್ದು ನೆನಪಿದೆ, ಎಷ್ಟು ಸಲ ಎಂಬುದು ಗೊತ್ತಿಲ್ಲ. ಅಂಗಡಿಯವರು ‘ಮ್ಯಾಸಿ ರೆಡ್ ಅಂದರೆ ಒಂದೇ, ಡಬ್ಬಿ ಸಿದ್ಧ ಇದೆ’ ಎನ್ನುತ್ತಾರೆ. ಮಗ ಮೊಬೈಲಿನಲ್ಲಿ ಯಾವುದೋ ಬಣ್ಣದ ಸಂಖ್ಯೆ ಹುಡುಕಿಟ್ಟಿದ್ದಾನೆ. ಪೇಂಟರ್ ‘ಎಲ್ಲ ಕೆರೆದು ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆಯೋಣ, ಕಾರಿನಂತೆ ಹೊಳೆಯುತ್ತದೆ’ ಎನ್ನುತ್ತಾರೆ. ತಂದೆಯವರು ಗಾಡಿಯನ್ನು ಮನೆಗೆ ತಂದ ದಿನ ಇದ್ದ ಕೆಂಪೇ ಮತ್ತೆ ಬರಬೇಕು ಎಂಬುದು ನನ್ನ ಆಸೆ. ಅದು ಸಾಧ್ಯವೇ? – ರಾಣೆಬೆನ್ನೂರು ತಾಲ್ಲೂಕಿನ ಓದುಗರು

ಉತ್ತರ: ಸಾಧ್ಯವಿದೆ. ಆದರೆ ಆ ಕೆಂಪು ಅಂಗಡಿಯ ಡಬ್ಬಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಇಲ್ಲ, ನಿಮ್ಮ ಗಾಡಿಯ ಮೇಲೆಯೇ ಎಲ್ಲೋ ಬಿಸಿಲು ಕಾಣದೆ ಉಳಿದಿದೆ. ಅದನ್ನು ಹುಡುಕಿ ತೆಗೆಯುವವರೆಗೆ ಯಾರಿಗೂ ಗಾಡಿಯನ್ನು ಪೂರ್ತಿ ಕೆರೆಯಲು ಬಿಡಬೇಡಿ. ವಾಹನಗಳ ಬಣ್ಣ ಹೊಂದಿಸುವುದೇ ನನ್ನ ವೃತ್ತಿ. ಹಳೆಯ ಗಾಡಿಗಳ ವಿಷಯದಲ್ಲಿ ನಾನು ಕಂಡಿರುವ ಅತಿ ದೊಡ್ಡ ನಷ್ಟವೆಂದರೆ, ಮೂಲ ಬಣ್ಣದ ಕೊನೆಯ ಸಾಕ್ಷಿಯನ್ನು ಮೊದಲ ದಿನವೇ ಉಜ್ಜಿ ತೆಗೆದು, ಆಮೇಲೆ ಬಣ್ಣ ಯಾವುದಿತ್ತೆಂದು ಊಹಿಸುತ್ತ ಕೂರುವುದು.

ಮೊದಲು ‘ಮ್ಯಾಸಿ ರೆಡ್ ಒಂದೇ’ ಎಂಬ ಮಾತನ್ನು ನೋಡೋಣ. ಈ ಟ್ರ್ಯಾಕ್ಟರಿನ ವಂಶದಲ್ಲಿ ಮೂಲತಃ ಕೆಂಪೇ ಇರಲಿಲ್ಲ. ಹ್ಯಾರಿ ಫರ್ಗುಸನ್ ಅವರ ಟ್ರ್ಯಾಕ್ಟರುಗಳು ಬೂದು ಬಣ್ಣದವು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಟಿಇ20 ಮಾದರಿಯನ್ನು ಅಲ್ಲಿನ ರೈತರು ‘ಲಿಟ್ಲ್ ಗ್ರೇ ಫರ್ಗಿ’ ಎಂದೇ ಕರೆಯುತ್ತಿದ್ದರು. ಕೆಂಪು ಬಂದದ್ದು ಕೆನಡಾ ಮೂಲದ ಮ್ಯಾಸಿ–ಹ್ಯಾರಿಸ್ ಕಂಪನಿಯ ಕಡೆಯಿಂದ. ಎರಡೂ ಕಂಪನಿಗಳು 1953ರಲ್ಲಿ ಒಂದಾದವು. 1956ರಲ್ಲಿ ಬೂದು ತಗಡು ಮತ್ತು ಹೊಂಬಣ್ಣದ ಎಂಜಿನ್‌ನೊಂದಿಗೆ ಬಂದ ಫರ್ಗುಸನ್ 35 ಮಾದರಿ 1957ರ ಕೊನೆಯ ಹೊತ್ತಿಗೆ ಕೆಂಪು ತಗಡು, ಬೂದು ಎಂಜಿನ್ ಎಂಬ ಹೊಸ ಜೋಡಿಗೆ ಬದಲಾಗಿ ಮ್ಯಾಸಿ ಫರ್ಗುಸನ್ 35 ಎನಿಸಿಕೊಂಡಿತು. ಮದ್ರಾಸಿನ ಟಾಫೆ ಕಂಪನಿ 1960ರ ದಶಕದ ಆರಂಭದಿಂದ ಮ್ಯಾಸಿ ಫರ್ಗುಸನ್ ಸಹಯೋಗದಲ್ಲಿ ನಮ್ಮ ದೇಶದಲ್ಲೇ ಟ್ರ್ಯಾಕ್ಟರ್ ತಯಾರಿಸತೊಡಗಿದಾಗ ಅದೇ ಜೋಡಿ ಇಲ್ಲಿಗೂ ಬಂತು, ನಿಮ್ಮ 1035ಕ್ಕೂ ಬಂದಿದೆ. ಅಂದರೆ ‘ಮೂಲ ಬಣ್ಣ’ ಎಂಬುದು ಹೆಸರಿಗಲ್ಲ, ಮಾದರಿಗೆ, ವರ್ಷಕ್ಕೆ ಮತ್ತು ಕಾರ್ಖಾನೆಗೆ ಸೇರಿದ ಸಂಗತಿ. ದಶಕಗಳ ಕಾಲ ನಡೆಯುವ ತಯಾರಿಕೆಯಲ್ಲಿ ಬಣ್ಣ ಪೂರೈಸುವವರು ಬದಲಾಗುತ್ತಾರೆ, ವರ್ಣಕಗಳು, ಅಂದರೆ ಬಣ್ಣ ಕೊಡುವ ಪುಡಿಗಳು, ಬದಲಾಗುತ್ತವೆ, ಒಂದೇ ವರ್ಷದ ಎರಡು ಬ್ಯಾಚುಗಳ ನಡುವೆಯೂ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಇಂದು ‘ಮ್ಯಾಸಿ ರೆಡ್’ ಎಂಬ ಚೀಟಿ ಹೊತ್ತ ಎರಡು ಬೇರೆ ಕಂಪನಿಗಳ ಡಬ್ಬಿಗಳನ್ನು ಒಂದೇ ತಗಡಿನ ಮೇಲೆ ಅಕ್ಕಪಕ್ಕ ಹಚ್ಚಿಸಿ ನೋಡಿ, ಅವು ಒಂದೇ ಅಲ್ಲವೆಂದು ನಿಮಗೇ ತಿಳಿಯುತ್ತದೆ. ಡಬ್ಬಿಯ ಬಣ್ಣ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದಿನವೂ ಹೊಲಕ್ಕೆ ಹೋಗುವ ಗಾಡಿಗೆ ಅದು ಸಾಕು, ಆದರೆ ನೀವು ಕೇಳುತ್ತಿರುವುದು ಅದನ್ನಲ್ಲ.

ಮೊಬೈಲಿನಲ್ಲಿ ಸಿಕ್ಕ ಸಂಖ್ಯೆಯೂ ಇಷ್ಟೇ. ಅದು ಹೆಚ್ಚೆಂದರೆ ಬೇರೊಂದು ದೇಶದ ಬೇರೊಂದು ಗಾಡಿಗೆ ಯಾರೋ ‘ಹತ್ತಿರದ ಬಣ್ಣ’ವೆಂದು ಆರಿಸಿಕೊಂಡ ಮಾನಕ ಬಣ್ಣದ ಸಂಖ್ಯೆಯಾಗಿರುತ್ತದೆ. ಪರದೆಯ ಮೇಲೆ ಕಾಣುವ ಕೆಂಪನ್ನಂತೂ ನಂಬಲೇಬೇಡಿ, ಏಕೆಂದರೆ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ, ಪರದೆ ಅದನ್ನು ಇನ್ನೊಮ್ಮೆ ತಿದ್ದುತ್ತದೆ. ಮನೆಯ ಆಲ್ಬಮ್ಮಿನಲ್ಲಿ ತಂದೆಯವರು ಟ್ರ್ಯಾಕ್ಟರಿನ ಪಕ್ಕ ನಿಂತಿರುವ ಬಣ್ಣದ ಫೋಟೊ ಇದ್ದರೆ ಅದನ್ನು ಜೋಪಾನವಾಗಿಡಿ. ಸ್ಟಿಕ್ಕರ್ ಎಲ್ಲಿತ್ತು, ಯಾವ ಭಾಗ ಕೆಂಪು, ಯಾವ ಭಾಗ ಬೂದು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಕೆಂಪು ಎಂಥದ್ದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ವರ್ಷಗಳು ಕಳೆದಂತೆ ನೀಲಿ–ಹಸಿರಿನ ಅಂಶ ಬೇಗ ಕುಂದಿ, ಇಡೀ ಚಿತ್ರವೇ ಕೆಂಪು ಕಡೆಗೆ ವಾಲುವುದು ಸಾಮಾನ್ಯ.

ಈಗ ನಿಮ್ಮ ಮೂರು ಕೆಂಪುಗಳಿಗೆ ಬರೋಣ. ಕೆಂಪು ಬಣ್ಣದಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ವರ್ಣಕಗಳಿರುತ್ತವೆ. ಆ ಕಾಲದ ಎನಾಮೆಲ್‌ಗಳಲ್ಲಿ ಸಾವಯವ ಕೆಂಪು ವರ್ಣಕದ ಜೊತೆಗೆ ಸೀಸ ಮತ್ತು ಕ್ರೋಮಿಯಂ ಇರುವ ಕಿತ್ತಳೆ ವರ್ಣಕವನ್ನು ಬೆರೆಸುವುದು ವಾಡಿಕೆಯಾಗಿತ್ತು. ಬಿಸಿಲಿಗೆ ಇವೆರಡೂ ಒಂದೇ ವೇಗದಲ್ಲಿ ಕುಂದುವುದಿಲ್ಲ. ಸಾವಯವ ಕೆಂಪು ಮೊದಲು ಸೋತರೆ ಕಿತ್ತಳೆ ಮೇಲಾಗಿ ಕಾಣುತ್ತದೆ. ಇದರ ಮೇಲೆ, ವರ್ಣಕವನ್ನು ಹಿಡಿದಿಟ್ಟುಕೊಂಡಿರುವ ರಾಳ ಬಿಸಿಲಿಗೆ ಒಡೆದು ಮೇಲ್ಮೈ ಪುಡಿಯಾಗುತ್ತದೆ. ಬಾನೆಟ್ ಮೇಲೆ ಕೈಯಾಡಿಸಿದಾಗ ಅಂಗೈಗೆ ಹತ್ತುವ ಪುಡಿ ಅದೇ. ಆ ಪುಡಿ ಬೆಳಕನ್ನು ಚದುರಿಸಿ ಬಣ್ಣವನ್ನು ಇನ್ನಷ್ಟು ಪೇಲವವಾಗಿ ತೋರಿಸುತ್ತದೆ. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೀತಲಗೃಹದಲ್ಲಿಟ್ಟ ಬ್ಯಾಡಗಿ ಮೆಣಸಿನಕಾಯಿಗೂ ಬಿಸಿಲು–ಗಾಳಿಗೆ ಬಿಟ್ಟ ಅದೇ ಕಾಯಿಗೂ ಬಣ್ಣದಲ್ಲಿ ಎಷ್ಟು ಅಂತರವಿರುತ್ತದೆ ಎಂಬುದನ್ನು ನೀವು ಮಾರುಕಟ್ಟೆಯಲ್ಲಿ ಕಂಡೇ ಇರುತ್ತೀರಿ.

ಮಡ್‌ಗಾರ್ಡಿನ ಇಟ್ಟಿಗೆ ಬಣ್ಣದ ಬಗ್ಗೆ ನನಗೆ ಬೇರೆಯೇ ಅನುಮಾನವಿದೆ. ಅದು ಬಹುಶಃ ಟ್ರ್ಯಾಕ್ಟರಿನ ಬಣ್ಣವೇ ಅಲ್ಲ. ಹತ್ತಿ ಇಳಿಯುವಾಗ ಕಾಲು ತಾಗಿ, ಚಾಲಕನ ಪಕ್ಕ ಕೂರುವವರ ಬಟ್ಟೆ ಉಜ್ಜಿ, ಮೇಲಿನ ಬಣ್ಣ ತೆಳುವಾಗಿ, ಅಡಿಯಲ್ಲಿರುವ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ, ತುಕ್ಕು ತಡೆಯುವ ಲೇಪ) ಇಣುಕುತ್ತಿರಬಹುದು. ಒಂದು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಒದ್ದೆಯಾದಾಗ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಕಂದು ಎಂದು ಮಚ್ಚೆ ಮಚ್ಚೆಯಾಗಿ ಕಂಡರೆ ಈ ಅನುಮಾನ ನಿಜ. ಬ್ಯಾಟರಿ ತಗಡಿನ ಅಡಿಯ ಕಡು ಕೆಂಪು ಆಸೆ ಹುಟ್ಟಿಸುವಂಥದ್ದು, ಆದರೆ ಅದನ್ನು ಒಬ್ಬನೇ ಸಾಕ್ಷಿಯೆಂದು ಹಿಡಿಯಬೇಡಿ. ಬ್ಯಾಟರಿಯ ಆಮ್ಲದ ಹನಿ ಮತ್ತು ಆವಿ ವರ್ಣಕಗಳನ್ನು ಕೆಡಿಸುತ್ತವೆ. ಅಲ್ಲದೆ ಆ ತಗಡು ಬೇಗ ತುಕ್ಕು ಹಿಡಿಯುವುದರಿಂದ ಬದಲಿಸಿರುವ ಅಥವಾ ಬೇರೆಯಾಗಿ ಬಣ್ಣ ಹೊಡೆದಿರುವ ಸಾಧ್ಯತೆಯೂ ಹೆಚ್ಚು.

ಒಳ್ಳೆಯ ಸಾಕ್ಷಿ ಸಿಗುವುದು ಎರಡು ಭಾಗಗಳು ಕಾರ್ಖಾನೆಯಲ್ಲೇ ಒಂದರ ಮೇಲೊಂದು ಕೂತು, ಆಮೇಲೆ ಬೇರ್ಪಡದೆ ಉಳಿದ ಜಾಗಗಳಲ್ಲಿ. ಹೆಡ್‌ಲೈಟಿನ ಬ್ರಾಕೆಟ್ ಬಾನೆಟ್ಟಿಗೆ ಒತ್ತಿ ಕೂತಿರುವ ಕಡೆ, ವೈರಿಂಗ್ ಹೋಗುವ ರಬ್ಬರ್ ಗ್ರೋಮೆಟ್ಟಿನ ಅಡಿ, ಮೀಟರ್ ಬೋರ್ಡಿನ ಹಿಂಬದಿ, ಮಡ್‌ಗಾರ್ಡಿನ ಬೋಲ್ಟಿನ ವಾಷರ್ ಕೆಳಗೆ, ಟೂಲ್ ಬಾಕ್ಸಿನ ಹಿಂಭಾಗ ಮೊದಲು ನೋಡಿ. ಬಾನೆಟ್ಟಿನ ಒಳಮೈಯನ್ನೂ ನೋಡಬಹುದು. ಅಲ್ಲಿ ಬಣ್ಣದ ಪದರ ತೆಳುವಾಗಿರುವುದರಿಂದ ಕೆಳಗಿನ ಪ್ರೈಮರ್ ಸೇರಿ ಕೊಂಚ ಮಂಕಾಗಿ ಕಾಣುತ್ತದೆ ಎಂಬುದು ನೆನಪಿರಲಿ. ಚಾಸಿ ನಂಬರಿನ ತಗಡಿನ ಅಡಿಯಲ್ಲಿ ಬಣ್ಣ ಚೆನ್ನಾಗಿ ಉಳಿದಿರುತ್ತದೆ, ಆದರೂ ಅದರ ರಿವಿಟ್ ಕೀಳಲು ಹೋಗಬೇಡಿ. ಮುಂದೆ ಆರ್‌ಟಿಒ ತಪಾಸಣೆಯಲ್ಲಿ ಕಿತ್ತ ರಿವಿಟ್ ಬೇಡದ ಪ್ರಶ್ನೆಗಳನ್ನು ತರುತ್ತದೆ.

ಇಂಥ ಜಾಗದ ಪಕ್ಕದಲ್ಲಿ ಒಂದು ಚಿಕ್ಕ ‘ಕಿಟಕಿ’ ತೆರೆಯುವ ಕೆಲಸವನ್ನು ನೀವೇ ಮಾಡಬಹುದು. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಜಾಗವನ್ನು 600 ನಂಬರಿನ ವಾಟರ್ ಪೇಪರಿನಿಂದ, ನೀರು ಹಾಕಿಕೊಂಡು, ಬೆರಳ ತುದಿಯಲ್ಲಿ ಸುತ್ತು ಸುತ್ತಾಗಿ ನಿಧಾನವಾಗಿ ಉಜ್ಜಿ. ನಡುವೆ ತಗಡು ಕಾಣುವ ಹೊತ್ತಿಗೆ ಸುತ್ತಲೂ ಬಳೆಗಳಂತೆ ಪದರಗಳು ತೆರೆದುಕೊಳ್ಳುತ್ತವೆ. ಹೊರಗಿನ ಬಳೆ ಕೊನೆಯ ಸಲ ಹೊಡೆದ ಕೆಂಪು; ಅದರೊಳಗೆ ಬೂದು ಅಥವಾ ಮಾಸಲು ಹಳದಿ ಬಣ್ಣದ ದಪ್ಪ ಬಳೆ ಕಂಡರೆ ಅದು ಪುಟ್ಟಿ; ಅದರೊಳಗೆ ಇನ್ನೊಂದು ಕೆಂಪು, ಮತ್ತೆ ಪ್ರೈಮರ್. ಇಲ್ಲಿ ನೋಡಬೇಕಾದ ಮುಖ್ಯ ಗುರುತು ಏನೆಂದರೆ, ಕಾರ್ಖಾನೆಯ ಬಣ್ಣದ ಕೆಳಗೆ ತೆಳುವಾದ, ಎಲ್ಲ ಕಡೆ ಒಂದೇ ಸಮನಾದ ಪ್ರೈಮರ್ ಇರುತ್ತದೆ, ಪುಟ್ಟಿ ಇರುವುದಿಲ್ಲ. ಪುಟ್ಟಿಯ ಮೇಲೆ ಅಥವಾ ಎಮರಿ ಪೇಪರಿನ ಗೀರುಗಳ ಮೇಲೆ ಕೂತಿರುವ ಕೆಂಪು ಯಾವುದೇ ಆಗಲಿ, ಅದು ಟಿಂಕರಿಂಗ್ ಆದಮೇಲೆ ಬಂದದ್ದು. ಮೂರು ನಾಲ್ಕು ಬೇರೆ ಬೇರೆ ಭಾಗಗಳಲ್ಲಿ ಹೀಗೆ ಕಿಟಕಿ ತೆರೆದಾಗ ತಗಡಿಗೆ ಹತ್ತಿರದ ಕೆಂಪು ಎಲ್ಲ ಕಡೆಯೂ ಒಂದೇ ಆಗಿದ್ದರೆ, ನಿಮ್ಮ ತಂದೆಯವರು ಮನೆಗೆ ತಂದ ಕೆಂಪು ಸಿಕ್ಕಿತೆಂದೇ ತಿಳಿಯಿರಿ. ಆ ಬಳೆಯನ್ನು 1500 ನಂಬರಿನ ಪೇಪರಿನಿಂದ ನಯಗೊಳಿಸಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ಬರುವವರೆಗೆ ಉಜ್ಜಿ. ಹೊಳಪಿಲ್ಲದ ಬಣ್ಣವನ್ನು ಹೊಂದಿಸಲು ಹೋದರೆ ಕಣ್ಣೂ ಯಂತ್ರವೂ ಎರಡೂ ತಪ್ಪು ಹೇಳುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮೇಲೆ ಹೇಳಿದ ಕಿತ್ತಳೆ ವರ್ಣಕದಿಂದಾಗಿ ಹಳೆಯ ಕೆಂಪಿನಲ್ಲಿ ಸೀಸ ಇರುವ ಸಾಧ್ಯತೆ ಬಲವಾಗಿದೆ. ನಮ್ಮಲ್ಲಿ 2016ರ ನಿಯಮಗಳು ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸಿರುವುದು ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗೆ, ಅದೂ ನಿಮ್ಮ ಗಾಡಿ ತಯಾರಾದ ಎಷ್ಟೋ ವರ್ಷಗಳ ನಂತರ. ಆದ್ದರಿಂದ ಒಣ ಎಮರಿ, ಗ್ರೈಂಡರ್ ಬೇಡ, ಪ್ರತಿ ಸಲವೂ ನೀರು ಹಾಕಿಯೇ ಉಜ್ಜಿ. ಉಜ್ಜಿದ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿ, ದನದ ಕೊಟ್ಟಿಗೆಯ ಕಡೆಗೋ ಬಾವಿಯ ಕಡೆಗೋ ಹರಿಯಲು ಬಿಡಬೇಡಿ. ಮಕ್ಕಳನ್ನು ಹತ್ತಿರ ಕರೆಯಬೇಡಿ. ಊಟಕ್ಕೆ ಮೊದಲು ಕೈ ತೊಳೆದರಷ್ಟೇ ಸಾಲದು, ಬಟ್ಟೆಯನ್ನೂ ಬದಲಿಸಿ.

ಮೂಲ ಕೆಂಪು ಸಿಕ್ಕಮೇಲೆ, ಅದನ್ನು ಹೊಂದಿಸಲು ಕೊಡುವ ಮುನ್ನ ಯಾವ ಬಗೆಯ ಬಣ್ಣ ಹೊಡೆಸುತ್ತೀರಿ ಎಂಬುದನ್ನು ತೀರ್ಮಾನಿಸಬೇಕು. ಬಹಳ ಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಒಂದು ಕಂಪನಿಯ ಪಿಯುವಿಗೆ ಬರೆದುಕೊಟ್ಟ ಮಿಶ್ರಣದ ಸೂತ್ರ ಸಿಂಥೆಟಿಕ್ ಎನಾಮೆಲ್‌ಗೆ ನಡೆಯುವುದಿಲ್ಲ, ಏಕೆಂದರೆ ಎರಡರ ಟಿಂಟರುಗಳೇ, ಅಂದರೆ ಛಾಯೆ ತರಲು ಬೆರೆಸುವ ಬಣ್ಣಗಳೇ, ಬೇರೆ.

ನಿಮ್ಮ ಪೇಂಟರ್ ಹೇಳುವ ಪಿಯು, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣ, ಬಿಸಿಲನ್ನೂ ಡೀಸೆಲ್ಲನ್ನೂ ಚೆನ್ನಾಗಿ ತಡೆಯುತ್ತದೆ, ಬಣ್ಣ ಬಹುಕಾಲ ನಿಲ್ಲುತ್ತದೆ. ಆದರೆ ಅದರ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದು ಕಾರಿನಂತೆ ಹೊಳೆಸಿದರೆ ಕೆಂಪು ಇನ್ನಷ್ಟು ಆಳವಾಗಿ, ಕಡುವಾಗಿ ಕಾಣುತ್ತದೆ. ಆಗ ಸೂತ್ರ ಎಷ್ಟೇ ಕರಾರುವಾಕ್ಕಾಗಿದ್ದರೂ ಕಣ್ಣಿಗೆ ಅದು ಹಳೆಯ ಮ್ಯಾಸಿಯಾಗಿ ಕಾಣುವುದಿಲ್ಲ. ಆ ಕಾಲದ ಟ್ರ್ಯಾಕ್ಟರಿನ ಕೆಂಪು ಕ್ಲಿಯರ್ ಕೋಟ್ ಇಲ್ಲದ ಸಾದಾ ಬಣ್ಣ. ಪಿಯು ಬೇಕೆಂದರೆ ಕ್ಲಿಯರ್ ಇಲ್ಲದ ನೇರ ಬಣ್ಣವನ್ನೇ ಕೇಳಿ, ಹೊಳಪನ್ನು ಒಂದಿಷ್ಟು ತಗ್ಗಿಸಲು ಹೇಳಿ. ಪಿಯುವಿನ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿನೊಳಗೆ ಹೋದರೆ ಆಸ್ತಮಾ ಬರಿಸಬಲ್ಲದು, ಒಮ್ಮೆ ಬಂದರೆ ಮುಂದೆ ಅತಿ ಸ್ವಲ್ಪಕ್ಕೂ ಉಸಿರು ಕಟ್ಟುತ್ತದೆ. ಮುಖಕ್ಕೆ ಕಟ್ಟಿದ ಕರ್ಚೀಫು ಇದನ್ನು ತಡೆಯುವುದಿಲ್ಲ, ಧೂಳಿನ ಮಾಸ್ಕೂ ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ ಬೇಕು. ಅದಿಲ್ಲದ ಶೆಡ್ಡಿನಲ್ಲಿ ಪಿಯು ಹೊಡೆಸುವುದಕ್ಕೆ ನಾನು ಒಪ್ಪುವುದಿಲ್ಲ. ಪೇಂಟರ್ ‘ನಮಗೆ ಅಭ್ಯಾಸವಾಗಿದೆ’ ಎಂದರೂ ನೀವು ಒಪ್ಪಬಾರದು.

ಸಿಂಥೆಟಿಕ್ ಎನಾಮೆಲ್ ಮೂಲ ಬಣ್ಣದ ಸ್ವಭಾವಕ್ಕೆ ಹತ್ತಿರ, ಹೊಳಪೂ ಸರಿಹೋಗುತ್ತದೆ, ಖರ್ಚೂ ಕಡಿಮೆ. ಬಿಸಿಲಿಗೆ ಬೇಗ ಮಂಕಾಗುವುದು ಅದರ ದೋಷ. ಶೆಡ್ಡಿನೊಳಗೆ ನಿಲ್ಲುವ ಗಾಡಿಗೆ ಅದೊಂದು ದೊಡ್ಡ ಕೊರತೆಯಲ್ಲ, ಮತ್ತು ನಿಮ್ಮ ಜಾಗದಲ್ಲಿದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತಿದ್ದೆ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಬೇಗ ಒಣಗುತ್ತದೆಂದು ಹಲವರು ಬಳಸುತ್ತಾರೆ, ಆದರೆ ಅದರ ಥಿನ್ನರ್ ಬಹಳ ತೀಕ್ಷ್ಣ. ಕೆಳಗಿರುವ ಹಳೆಯ ಎನಾಮೆಲ್ ಅದಕ್ಕೆ ತಡೆಯದೆ ಚರ್ಮದಂತೆ ಸುಕ್ಕುಗಟ್ಟಿ ಎದ್ದುಬಿಡುತ್ತದೆ. ಈಗಿರುವ ಮೇಲ್ಪದರ ಯಾವುದೆಂದು ತಿಳಿಯಲು ಬಿಳಿ ಬಟ್ಟೆಯನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ ಮೂಲೆಯಲ್ಲಿ ಉಜ್ಜಿ ನೋಡಿ. ಬಣ್ಣ ಸಲೀಸಾಗಿ ಕರಗಿ ಬಂದರೆ ಎನ್‌ಸಿ, ಮೆತ್ತಗಾಗಿ ಸುಕ್ಕಾದರೆ ಎನಾಮೆಲ್, ಏನೂ ಆಗದಿದ್ದರೆ ಪಿಯು ಅಥವಾ ಬಿಸಿಯಲ್ಲಿ ಒಣಗಿಸಿದ ಬಣ್ಣ. ಹಳೆಯ ಕೆಲವು ಕೆಂಪುಗಳಿಗೆ ಮೇಲಿನ ಹೊಸ ಬಣ್ಣದೊಳಗೆ ಏರಿ ಬರುವ ಚಾಳಿಯಿದೆ. ಬೂದು ಬಣ್ಣ ಹೊಡೆಯಬೇಕಾದ ಭಾಗದಲ್ಲಿ ಹಿಂದೆ ಯಾರೋ ಕೆಂಪು ಚೆಲ್ಲಿದ್ದರೆ ಅದನ್ನು ಪೂರ್ತಿ ತೆಗೆಯದೆ ಮೇಲೆ ಬೂದು ಹೊಡೆಯಬೇಡಿ, ವಾರದೊಳಗೆ ಗುಲಾಬಿ ಕಲೆ ಮೂಡಬಹುದು.

ಬಣ್ಣ ಹೊಂದಿಸುವ ಅಂಗಡಿಗೆ ಬಾನೆಟ್ ಹೊತ್ತೊಯ್ಯುವ ಅಗತ್ಯವಿಲ್ಲ. ಮೂಲ ಕೆಂಪು ತೆರೆದುಕೊಂಡಿರುವ, ಚಪ್ಪಟೆಯಾದ ಒಂದು ಚಿಕ್ಕ ಭಾಗ, ಉದಾಹರಣೆಗೆ ಟೂಲ್ ಬಾಕ್ಸಿನ ಮುಚ್ಚಳ, ಸಾಕು. ಬಣ್ಣ ಅಳೆಯುವ ಯಂತ್ರ, ಅಂದರೆ ಸ್ಪೆಕ್ಟ್ರೊಫೋಟೊಮೀಟರ್ ಇರುವ ಕಡೆ ಒಂದೇ ಜಾಗವನ್ನಲ್ಲ, ಮೂರು ನಾಲ್ಕು ಜಾಗಗಳನ್ನು ಅಳೆಸಿ ಸರಾಸರಿ ಕೇಳಿ. ಯಂತ್ರ ಕೊಡುವ ಸೂತ್ರ ಅಂತಿಮ ತೀರ್ಪಲ್ಲ. ಅದು ಆರಂಭ ಮಾತ್ರ, ಉಳಿದದ್ದನ್ನು ಕಣ್ಣು ಮಾಡಬೇಕು. ಕೈಯಿಂದ ತಿದ್ದುವಾಗ ಕೆಂಪು ತಿಳಿಯಾಯಿತೆಂದು ಕಪ್ಪು ಹಾಕುವ ರೂಢಿ ಬಹಳ ಕಡೆ ಇದೆ. ಕಪ್ಪು ಕೆಂಪನ್ನು ಕಡುವಾಗಿಸುವುದಿಲ್ಲ, ಕೆಸರಾಗಿಸುತ್ತದೆ. ಕಡು ಮಾಡಲು ಮರೂನ್ ಟಿಂಟರನ್ನೂ ಬೆಚ್ಚಗೆ ಮಾಡಲು ಕಿತ್ತಳೆಯನ್ನೂ ಹನಿ ಹನಿಯಾಗಿ ಸೇರಿಸುವುದು ಸರಿಯಾದ ದಾರಿ.

ಡಬ್ಬಿಯೊಳಗಿನ ಒದ್ದೆ ಬಣ್ಣವನ್ನು ನೋಡಿ ಒಪ್ಪಬೇಡಿ. ಒಂದು ತಗಡಿನ ತುಂಡಿಗೆ, ಗಾಡಿಗೆ ಹಚ್ಚಲಿರುವ ಅದೇ ಪ್ರೈಮರ್ ಹಚ್ಚಿ, ಅದೇ ಸ್ಪ್ರೇ ಗನ್ನಿನಲ್ಲಿ, ಅಷ್ಟೇ ಕೋಟು ಹೊಡೆಸಿ, ಪೂರ್ತಿ ಒಣಗಲು ಬಿಡಿ. ಪ್ರೈಮರಿನ ಮಾತನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಶುದ್ಧ ಕೆಂಪು ವರ್ಣಕಗಳ ಮುಚ್ಚುವ ಶಕ್ತಿ ಕಡಿಮೆ, ಅಡಿಯ ಬಣ್ಣ ಮೇಲಕ್ಕೆ ಇಣುಕುತ್ತದೆ. ಒಂದೇ ಡಬ್ಬಿಯ ಕೆಂಪು ರೆಡ್ ಆಕ್ಸೈಡ್ ಮೇಲೆ ಕಂದಾಗಿಯೂ ತಿಳಿ ಬೂದು ಪ್ರೈಮರ್ ಮೇಲೆ ಹಸನಾಗಿಯೂ ಕಾಣುವುದನ್ನು ನಾನು ವೃತ್ತಿಯಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಬಾನೆಟ್ಟಿಗೆ ಬೂದು, ಮಡ್‌ಗಾರ್ಡಿಗೆ ರೆಡ್ ಆಕ್ಸೈಡ್ ಹಚ್ಚಿ ಮೇಲೆ ಒಂದೇ ಬಣ್ಣ ಹೊಡೆದರೆ ನಿಮಗೆ ಮತ್ತೆ ಎರಡು ಕೆಂಪುಗಳು ಸಿಗುತ್ತವೆ.

ಒಣಗಿದ ತುಂಡನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಹೊರಗೆ ತಂದು ನೋಡಿ. ಬೇರೆ ಬೇರೆ ವರ್ಣಕಗಳಿಂದ ಮಾಡಿದ ಎರಡು ಕೆಂಪುಗಳು ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಯಾಗಿ ಕಾಣುತ್ತವೆ. ಸೀಸವಿರುವ ಹಳೆಯ ವರ್ಣಕಗಳ ಬದಲಿಗೆ ಇಂದಿನ ಟಿಂಟರುಗಳನ್ನು ಬಳಸುವಾಗ ಇದನ್ನು ಪೂರ್ತಿ ತಪ್ಪಿಸಲಾಗದು, ಯಾವ ಬೆಳಕಿನಲ್ಲಿ ಸರಿಹೋಗಬೇಕೆಂದು ಆರಿಸಿಕೊಳ್ಳಬೇಕಾಗುತ್ತದೆ. ಟ್ರ್ಯಾಕ್ಟರಿಗೆ ಆ ಆಯ್ಕೆ ಸುಲಭ, ಹಗಲಿನ ಬೆಳಕೇ ಅದರ ಬೆಳಕು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ನಡುವೆ ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ, ಮೂಲ ಭಾಗಕ್ಕೆ ತಾಗಿಸಿಟ್ಟು, ನೇರವಾಗಿಯೂ ಓರೆಯಾಗಿಯೂ ನೋಡಿ. ಕೆಲವು ಕ್ಷಣಕ್ಕಿಂತ ಹೆಚ್ಚು ದಿಟ್ಟಿಸಬೇಡಿ. ಕೆಂಪಿಗೆ ಕಣ್ಣು ಬೇಗ ದಣಿಯುತ್ತದೆ, ದಣಿದ ಕಣ್ಣಿಗೆ ಎಲ್ಲ ಕೆಂಪೂ ಒಂದೇ. ಒಪ್ಪಿಗೆಯಾದಮೇಲೆ ಇಡೀ ಗಾಡಿಗೆ ಬೇಕಾದಷ್ಟು ಬಣ್ಣವನ್ನು ಒಂದೇ ಸಲ ಮಿಶ್ರಣ ಮಾಡಿಸಿ, ಡಬ್ಬಿಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಕಲಸಿ ಬಳಸಿ. ಸ್ವಲ್ಪ ಬಣ್ಣವನ್ನೂ ಸೂತ್ರದ ಚೀಟಿಯನ್ನೂ ಆ ತಗಡಿನ ತುಂಡನ್ನೂ ಎತ್ತಿಡಿ.

ಎಂಜಿನ್ ಮತ್ತು ಗೇರ್‌ಬಾಕ್ಸಿನ ಬೂದು ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೆ ಕೆಂಪಿನ ಅರ್ಧ ಗುಟ್ಟು ಅಲ್ಲಿದೆ. ಪಕ್ಕದ ಬೂದು ತಪ್ಪಿದರೆ ಸರಿಯಾದ ಕೆಂಪೂ ತಪ್ಪಾಗಿ ಕಾಣುತ್ತದೆ. ಎಣ್ಣೆ ಕುಡಿದ ಬೂದು ಹಳದಿಗೆ ತಿರುಗಿರುತ್ತದೆ, ಸೈಲೆನ್ಸರಿನ ಬಳಿ ಕಾವಿಗೆ ಕಂದಾಗಿರುತ್ತದೆ. ಸ್ಟಾರ್ಟರ್ ಮೋಟಾರ್ ಬಿಚ್ಚಿದಾಗ ಅದರ ಅಂಚು ಕೂರುವ ಜಾಗವನ್ನು ಸೀಮೆಎಣ್ಣೆಯಿಂದ, ಆಮೇಲೆ ಸೋಪಿನ ನೀರಿನಿಂದ ತೊಳೆದು, ಅಲ್ಲಿಯ ಬೂದನ್ನು ಮಾದರಿಯಾಗಿ ಹಿಡಿಯಿರಿ.

ಇನ್ನು ಎಲ್ಲವನ್ನೂ ಕೆರೆಯಬೇಕೇ ಎಂಬ ಪ್ರಶ್ನೆ. ತುಕ್ಕು ಒಳಗೆ ಇಳಿದಿರುವ, ಪುಟ್ಟಿ ಬಿರಿದಿರುವ ಭಾಗಗಳನ್ನು ತಗಡಿನವರೆಗೆ ಕೆರೆಯಲೇಬೇಕು. ಬಾನೆಟ್ಟಿನ ಬಣ್ಣ ತೆಗೆಯಲು ಮರಳು ಹೊಡೆಸಬೇಡಿ (ಸ್ಯಾಂಡ್ ಬ್ಲಾಸ್ಟಿಂಗ್), ಅಷ್ಟು ತೆಳುವಾದ ಅಗಲ ತಗಡು ಸೊಟ್ಟಗಾದರೆ ಮತ್ತೆ ನೇರವಾಗುವುದು ಕಷ್ಟ. ಆದರೆ ಕಿಟಕಿ ತೆರೆದಾಗ ಬಾನೆಟ್ಟಿನ ಬಹುಭಾಗದಲ್ಲಿ ಪುಟ್ಟಿಯೇ ಇಲ್ಲದೆ ಕಾರ್ಖಾನೆಯ ಕೆಂಪೊಂದೇ ಇರುವುದು ಕಂಡರೆ, ಬಣ್ಣ ಹೊಡೆಯುವ ಮುನ್ನ ಒಂದು ದಿನ ತಡೆಯಿರಿ. ಮೇಲಿನ ಪುಡಿಯನ್ನು ಕಾಂಪೌಂಡಿನಿಂದ ತೆಗೆದು ಮೇಣ ಹಚ್ಚಿದಾಗ ಅಡಿಯಿಂದ ಎಷ್ಟೋ ಸಲ ಒಳ್ಳೆಯ ಕೆಂಪು ಏಳುತ್ತದೆ. ಗೀರು, ಮಚ್ಚೆ ಉಳಿಯುತ್ತವೆ, ಮೇಣವನ್ನು ಆಗಾಗ ಹಚ್ಚುತ್ತಿರಬೇಕು, ಪದರ ತೆಳುವಾದ ಅಂಚುಗಳಲ್ಲಿ ಹೆಚ್ಚು ಉಜ್ಜಿದರೆ ಪ್ರೈಮರ್ ಕಾಣುವ ಅಪಾಯವೂ ಇದೆ. ಆದರೂ ನೀವು ಕೇಳಿದ್ದು ಗಾಡಿ ಮನೆಗೆ ಬಂದ ದಿನದ ಕೆಂಪನ್ನು. ಅದು ಇನ್ನೂ ತಗಡಿನ ಮೇಲೆಯೇ ಇರುವಾಗ, ಯಾವ ಯಂತ್ರ ಹೊಂದಿಸಿದ ಬಣ್ಣವೂ ಅದಕ್ಕೆ ಸಮನಲ್ಲ. ಆಗ ಹೊಂದಿಸಿದ ಬಣ್ಣವನ್ನು ಮಡ್‌ಗಾರ್ಡಿಗೆ ಮಾತ್ರ ಹೊಡೆಸಬಹುದು. ಆದರೆ ಅಂಥ ಸಂದರ್ಭದಲ್ಲಿ ಪೇಂಟರಿಗೆ ಹೊಂದಿಸಲು ಕೊಡಬೇಕಾದದ್ದು ಬಚ್ಚಿಟ್ಟ ಜಾಗದ ಕೆಂಪನ್ನಲ್ಲ, ಪಾಲಿಶ್ ಆದಮೇಲೆ ಬಾನೆಟ್ಟಿನಲ್ಲಿ ಈಗ ಕಾಣುವ ಕೆಂಪನ್ನು. ಇಲ್ಲವಾದರೆ ಎರಡರ ನಡುವಿನ ಅಂತರ ದೂರದಿಂದಲೇ ಕಾಣುತ್ತದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎನ್‌ಸಿ ಬಣ್ಣ ಬಿಳಿಚಿಕೊಳ್ಳುತ್ತದೆ, ಎನಾಮೆಲ್ ಒಣಗಲು ತಡಮಾಡಿ ಧೂಳು ಹಿಡಿಯುತ್ತದೆ, ಕಂಪ್ರೆಸರಿನಲ್ಲಿ ಕೂಡಿದ ನೀರು ಗನ್ನಿನಿಂದ ಹನಿಯುತ್ತದೆ. ಕಿಟಕಿ ತೆರೆಯುವ, ಮಾದರಿ ಹೊಂದಿಸುವ ಕೆಲಸವನ್ನು ಈಗ ಬಿಡುವಿನಲ್ಲಿ ಮುಗಿಸಿಕೊಂಡು, ಸ್ಪ್ರೇ ಕೆಲಸವನ್ನು ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಇಟ್ಟುಕೊಳ್ಳಿ.